ಕಡ್ಡಿಯಿಲ್ಲದ ಪೆಟ್ಟಿಗೆಗಳ ಜೊತೆ ಬೆಂಗಳೂರಿಗೆ

ಅಂಚೆಚೀಟಿ ಕೂಡಿಸುವವರನ್ನು ಜನ ಜಾಣರು ಅಂತಾರೆ. ಹಳೇ ನಾಣ್ಯ ಕೂಡಿಸುವವರನ್ನು ಸಾಹುಕಾರರು ಅಂತಾರೆ. ಖಾಲಿ ಕಡ್ಡಿಪೆಟ್ಟಿಗೆ ಕೂಡಿಸುವವರನ್ನು ಏನಂತಾರೆ ಅನ್ನುವುದು ಮಾತ್ರ ನನಗೆ ದಿನಕ್ಕೊಂದು ಹೊಸ ರೀತಿಯಲ್ಲಿ ಗೊತ್ತಾಗುತ್ತಲೇ ಇರುತ್ತದೆ.

ನಾನು ಶಿಗ್ಗಾಂವದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಹುಲಿ, ಹಡಗು, ಕಮಲ, ಚಕ್ಕಡಿ, ಹೀಗೆ ಪೆಟ್ಟಿಗೆಗಳ ಮೇಲಿನ ಚಿತ್ರಗಳಿಗೆ ಮನಸೋತು ಹದಿನೆಂಟು ವರ್ಷವಾಯಿತು. ನಮ್ಮ ಸುತ್ತಿನ ನಾಲ್ಕು ತಾಲೂಕಿಗೆ ಈ ಹುಚ್ಚಿನವರು ನಾವು ಮೂರೇ ಜನ. ನಾನೊಬ್ಬಳು, ಸವಣೂರಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಪ್ರೊಫೆಸರು, ಮೂರನೆಯವ ಹಿರೇಕೆರೂರ ತಾಲೂಕಿನ ಚಿಕ್ಕೇರೂರಿನ ಗೌಡ. ಗೌಡ ಒಕ್ಕಲುತನದವ, ಮೂವತ್ತೆಂಟು ವಯಸ್ಸು, ಮಾತು ಕಡಿಮೆ. ಮೂವರದೂ ಒಂದು ವಾಟ್ಸಾಪ್ ಗುಂಪು.

ಆ ಗುಂಪಿಗೆ ಒಂದು ದಿನ ಬೆಂಗಳೂರಿನಿಂದ ಸುದ್ದಿ ಬಂತು. ಕಡ್ಡಿಪೆಟ್ಟಿಗೆ ಸಂಗ್ರಾಹಕರ ಎರಡು ದಿನದ ಸಮಾವೇಶವಂತೆ, ನಮ್ಮ ಮೂವರಿಗೂ ಸೇರಿ ಒಂದು ಟೇಬಲ್ ಕೊಡುತ್ತಾರಂತೆ. ಟೇಬಲ್ ಅಂದರೆ ಓದುವವರಿಗೆ ಸಣ್ಣ ಮಾತು ಅನ್ನಿಸಬಹುದು. ನಮ್ಮ ಪೆಟ್ಟಿಗೆಗಳು ಹದಿನೆಂಟು ವರ್ಷ ಮಂಚದ ಕೆಳಗೇ ಇದ್ದವು ಸ್ವಾಮಿ. ಮೊದಲ ಸಲ ಅವು ಮೇಲೆ ಬರಲಿದ್ದವು.

ಲವಂಗ

ಟೇಬಲ್ ಸಿಕ್ಕ ಮೇಲೆ ಅದನ್ನು ತುಂಬಬೇಕಲ್ಲ. ನನ್ನ ಪ್ರಾಣಿಗಳ ಸಾಲಿನಲ್ಲಿ ಒಂದು ಒಂಟೆ ಕಡಿಮೆ ಇತ್ತು. ನಮ್ಮೂರ ಬಸ್‌ಸ್ಟ್ಯಾಂಡಿನ ಎದುರಿನ ಬೀಡಿ ಅಂಗಡಿಯಲ್ಲಿ ಒಂಟೆ ಕಂಡಿತು. ಓಡಿಹೋಗಿ, "ಅಣ್ಣಾರ, ಆ ಒಂಟಿ ಪೆಟಗಿ ಖಾಲಿ ಆದ ಮ್ಯಾಲೆ ನನಗ ಇಡ್ರಿ. ದಿನಾ ಬಂದ ಕೇಳ್ತೇನಿ" ಅಂದೆ. ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಒಬ್ಬರು ಬಾಯಲ್ಲಿದ್ದ ಬೀಡಿ ತೆಗೆದು ಹಿಂದೆ ಮುಚ್ಚಿಟ್ಟುಕೊಂಡು, "ನಮಸ್ಕಾರ್ರಿ ಟೀಚರ್" ಅಂದರು. ನಮ್ಮ ಶಾಲೆಯ ಹುಡುಗಿಯೊಬ್ಬಳ ಅಪ್ಪ.

ಮರುದಿನ ಹೆಡ್‌ಮಾಸ್ತರು ತಮ್ಮ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದರು, "ಟೀಚರ್, ಮನ್ಯಾಗ ಎಲ್ಲಾ ಆರಾಮ ಐತಿಲ್ಲರಿ?"

"ಆರಾಮ ಐತ್ರಿ ಸರ್."

"ಮನಸ್ಸಿಗೆ ಏನರ ಬ್ಯಾಸರ?"

"ಇಲ್ರಿ. ಖುಷಿಯಾಗಿ ಅದೇನಿ. ಬೆಂಗಳೂರಿಗೆ ಹೊಂಟೇನಿ."

"ಹಾಂ, ಅಲ್ಲಿ ಚಲೋ ಡಾಕ್ಟರು ಅದಾರ" ಅಂದರು. ನನಗೆ ಒಂದೂ ತಿಳಿಯಲಿಲ್ಲ. ಅವರು ಮೇಜಿನ ಖಾನೆಯಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. "ಲವಂಗ ಅದಾವು. ಸೇದಬೇಕು ಅನಿಸಿದಾಗೊಮ್ಮೆ ಬಾಯಾಗ ಒಂದ ಹಾಕ್ಕೋರಿ. ನಾಚಬ್ಯಾಡ್ರಿ, ನಾನೂ ಹಿಂಗ ಬಿಟ್ಟೇನಿ."

ನಾನು ನಗುವುದೋ ಅಳುವುದೋ ತಿಳಿಯದೆ ಎಲ್ಲಾ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ ಅಂದರು, "ಲವಂಗ ಇರ್ಲಿ ತಗೋರಿ. ಇದೂ ಒಂದ ನಮೂನಿ ಚಟಾನ."

ಅತ್ತೆಯ ಅನುಮತಿ

ನಮ್ಮ ಯಜಮಾನರದು ಕಾಳಿನ ವ್ಯಾಪಾರ. ಹೋಗ್ಲಾ ಅಂದರೂ ಅವರದು ಹ್ಞೂಂ, ಬಿಡ್ಲಾ ಅಂದರೂ ಹ್ಞೂಂ. ತಕರಾರು ಇದ್ದದ್ದು ಅತ್ತೆಯದು. "ಎರಡ ದಿನ ಮನಿ ಬಿಟ್ಟು ಬೆಂಗಳೂರಿಗೆ? ಅದೂ ಖಾಲಿ ಡಬ್ಬಿ ತೋರಸಾಕ? ಮಂದಿ ನಗ್ತಾರ" ಅಂದುಬಿಟ್ಟರು.

ಆ ಭಾನುವಾರ ಅತ್ತೆಯ ಭಜನೆಯ ಗೆಳತಿಯರು ಆರು ಜನ ಮನೆಗೆ ಬಂದರು. ಚಹಾಕ್ಕೆ ಇಡಬೇಕು ಅನ್ನುವಾಗ ಗ್ಯಾಸಿನ ಲೈಟರು ಕೈಕೊಟ್ಟಿತು. "ಅದಕ್ಕೇನಾತು, ನಮ್ಮನ್ಯಾಗ ಕಡ್ಡಿಪೆಟಗಿಗೆ ಬರವ?" ಅಂತ ಅತ್ತೆ ಗೆಳತಿಯರ ಮುಂದೆ ಸ್ವಲ್ಪ ಜೋರಾಗೇ ಹೇಳಿ ಮಂಚದ ಕೆಳಗೆ ಕೈ ಹಾಕಿದರು. ಒಂದು ತೆರೆದರು, ಖಾಲಿ. ಹತ್ತು ತೆರೆದರು, ಖಾಲಿ. ನಲವತ್ತು ಪೆಟ್ಟಿಗೆ ತೆರೆಯುವ ಹೊತ್ತಿಗೆ ಗೆಳತಿಯರೂ ಕೆಳಗೆ ಕುಂತು ಹುಡುಕಲು ಶುರುಮಾಡಿದ್ದರು. ಎರಡು ಸಾವಿರ ಪೆಟ್ಟಿಗೆ ಇರುವ ಮನೆಯಲ್ಲಿ ಒಂದು ಕಡ್ಡಿ ಸಿಗಲಿಲ್ಲ.

ನಾನು ಬಾಜೂ ಮನೆಯ ಅಕ್ಕನ ಬಾಗಿಲಿಗೆ ಹೋಗಿ ಕಡ್ಡಿಪೆಟ್ಟಿಗೆ ಕೇಳಿದೆ. "ನೀ ನಡಿ, ನಾ ಬರ್ತೇನಿ" ಅಂದಳು. ಐದು ನಿಮಿಷಕ್ಕೆ, ಸೆರಗು ಅಡ್ಡ ಹಿಡಿದುಕೊಂಡು, ಉರಿಯುವ ದೀಪ ತಂದು ನಮ್ಮ ಒಲೆಯ ಮುಂದಿಟ್ಟಳು. "ಪೆಟಗಿ ಕೊಟ್ಟರ ನಿನ್ನ ಕೈಯಿಂದ ವಾಪಸ್ ಬರೂದಿಲ್ಲವಾ. ಅದಕ್ಕ ಬೆಂಕೀನ ತಂದೇನಿ."

ಆಮೇಲೆ ಚಹಾ ಕುಡಿಯುವಾಗಲೂ ಗೆಳತಿಯರು ನಕ್ಕು ನಕ್ಕು ಚೆಲ್ಲಿದರು. ಅವರು ಹೋದ ಮೇಲೆ ಅತ್ತೆ ನನ್ನ ಹತ್ತಿರ ಬಂದು ಕುಂತರು. "ಬೆಂಗಳೂರಿಗೆ ಹೋಗವಾ. ಎಲ್ಲಾ ತಗೊಂಡು ಹೋಗು. ಎರಡ ದಿನ ಯಾಕ, ಎಂಟ ದಿನ ಇರು. ಬರೂಮುಂದ ಬರೇ ನೀ ಬಾ."

ಹಾನಗಲ್ಲಿನ ಅಜ್ಜಿ

ಹಾನಗಲ್ಲಿನ ಹಳೇ ಕಿರಾಣಿ ಅಂಗಡಿಯ ಅಜ್ಜಿಯ ಹತ್ತಿರ ಜೋಡಿ ಗಿಳಿಯ ಪೆಟ್ಟಿಗೆ ಇದೆ ಅಂತ ಪ್ರೊಫೆಸರಿಗೆ ಸುಳಿವು ಸಿಕ್ಕಿತು. ಅಂಥ ಪೆಟ್ಟಿಗೆಯನ್ನು ನಾವು ಫೋಟೋದಲ್ಲಷ್ಟೇ ನೋಡಿದ್ದೆವು. ಗೌಡನ ಜೀಪಿನಲ್ಲಿ ಮೂವರೂ ಹೋದೆವು.

ಅಜ್ಜಿ ಪೆಟ್ಟಿಗೆ ತೋರಿಸಿದರು. ಗಿಳಿಗಳ ಹಸಿರು ಒಂದಿಷ್ಟೂ ಮಾಸಿರಲಿಲ್ಲ. ಪ್ರೊಫೆಸರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಜ್ಜೀ, ಇದನ್ನ ನಮಗ ಕೊಡ್ತೀರೇನು? ಬೆಂಗಳೂರಾಗ ನೂರಾರು ಮಂದಿ ನೋಡ್ತಾರ."

"ಕೊಡಾಕ ಬರೂದಿಲ್ಲಪ್ಪ. ಇದರಾಗ ನಮ್ಮನಿಯವರು ಅದಾರ."

ನಾವು ಮೂವರೂ ಒಂದು ಹೆಜ್ಜೆ ಹಿಂದೆ ಸರಿದೆವು. ಅಜ್ಜಿ ಪೆಟ್ಟಿಗೆ ಸರಿಸಿ ತೋರಿಸಿದರು. ಒಳಗೆ ಅರಳೆಯ ಮೇಲೆ ಒಂದು ಹಲ್ಲು. ತೀರಿಹೋದ ಯಜಮಾನರದಂತೆ. ಮುಂದಿನ ಹಲ್ಲು, ನಕ್ಕರೆ ಅದೇ ಮೊದಲು ಕಾಣುತ್ತಿತ್ತಂತೆ.

ಗಿಳಿಗಳ ಆಸೆ ಬಿಟ್ಟೆವು. ಹೊರಡುವಾಗ ಪ್ರೊಫೆಸರು ತಮ್ಮ ಚೀಲದಿಂದ ಹಣೆಗೆ ಹಚ್ಚಿಕೊಳ್ಳುವ ಅಂಗಾರ ಅಕ್ಷತೆ ಇಡುವ ಸಣ್ಣ ಬೆಳ್ಳಿ ಡಬ್ಬಿ, ಕರಡಿಗೆ, ತೆಗೆದು, ಅದರ ಒಂದು ಖಾನೆ ಒರೆಸಿ, "ಅವರು ಇದರಾಗ ಇರ್ಲಿ ಅಜ್ಜೀ. ಪೆಟ್ಟಿಗಿ ಕೊಡ್ಲಿಕ್ಕೇ ಬೇಕು ಅಂತಿಲ್ಲ. ಕಾಗದದ್ದು ಎಷ್ಟು ದಿನ ತಡದೀತು?" ಅಂತ ಮುಂದಿಟ್ಟರು.

ಅಜ್ಜಿ ಕರಡಿಗೆಯನ್ನು ತಿರುಗಿಸಿ ನೋಡಿದರು. ಆಮೇಲೆ ಹಲ್ಲನ್ನು ಅರಳೆ ಸಮೇತ ಅದರೊಳಗೆ ಮಲಗಿಸಿ, ಖಾಲಿ ಪೆಟ್ಟಿಗೆ ನನ್ನ ಕೈಗೆ ಕೊಟ್ಟರು. "ಒಯ್ಯವಾ. ಒಳ್ಳೇದಾತು. ಜೀವ ಇರೂತನಾ ಬೀಡಿ ಸೇದಿದಾವ. ಕಡ್ಡಿಪೆಟಗ್ಯಾಗ ಇಟ್ಟಾಗಿಂದ, ಇನ್ನೂ ಸೇದತಾನೇನೋ ಅಂತ ನನಗ ಅನುಮಾನ ಇದ್ದ ಇತ್ತು."

ಕಡ್ಡಿರಹಿತ

ಹಾವೇರಿಯಿಂದ ಬೆಳಗಿನ ರೈಲು ಅಂತ ಗೊತ್ತುಮಾಡಿದೆವು. ಟಿಕೀಟು ಆಯಿತು. ಆಗ ಪ್ರೊಫೆಸರಿಗೆ ಹೊಳೆಯಿತು, ರೈಲಿನಲ್ಲಿ ಬೆಂಕಿ ಹತ್ತುವ ವಸ್ತು ಒಯ್ಯುವಂತಿಲ್ಲ. "ಚೀಲ ಬಿಚ್ಚಿದ್ರ ಐನೂರು ಕಡ್ಡಿಪೆಟ್ಟಿಗಿ! ಯಾರಿಗೆ ಅಂತ ವಿವರಿಸಿ ಹೇಳ್ಲಿಕ್ಕಾಗ್ತದ? ಒಂದು ಸರ್ಟಿಫಿಕೇಟ್ ಬೇಕು" ಅಂದರು.

ಅವರು ನನ್ನನ್ನು ಕರೆದುಕೊಂಡು ಅಗ್ನಿಶಾಮಕ ಠಾಣೆಗೆ ಹೋದರು. ಅರ್ಜಿಯನ್ನೂ ತಾವೇ ಬರೆದಿದ್ದರು: "ಸದರಿ ಪೆಟ್ಟಿಗೆಗಳು ಸಂಪೂರ್ಣ ಕಡ್ಡಿರಹಿತವಾಗಿವೆ ಎಂದು ದೃಢೀಕರಿಸಬೇಕಾಗಿ ವಿನಂತಿ."

ಠಾಣಾಧಿಕಾರಿ ಓದಿದರು. ಮತ್ತೊಮ್ಮೆ ಓದಿದರು. "ಹಂಗ ಸಹಿ ಮಾಡಾಕ ಬರೂದಿಲ್ರಿ, ನೋಡಬೇಕಾಗ್ತೈತಿ" ಅಂತ ಬೆಂಚಿನ ಮೇಲೆ ಕುಂತು ಒಂದೊಂದೇ ಪೆಟ್ಟಿಗೆ ತೆರೆಯತೊಡಗಿದರು. ಮೊದಲ ಇಪ್ಪತ್ತು ಪೆಟ್ಟಿಗೆ ಕೆಲಸದಂತೆ ತೆರೆದರು. ಇಪ್ಪತ್ತೊಂದನೆಯದರ ಮೇಲೆ ಹಡಗಿನ ಚಿತ್ರ ಬಂತು. "ಅರೇ, ಇದು ನಮ್ಮ ಅಪ್ಪನ ಜೇಬಿನ್ಯಾಗ ಇರ್ತಿತ್ರಿ!" ಅಂದರು. ಅಷ್ಟೇ, ಆಮೇಲೆ ಠಾಣೆಯವರೆಲ್ಲ ಸುತ್ತ ಸೇರಿ ಇದು ನಮ್ಮ ಅಜ್ಜನದು, ಇದು ನಮ್ಮ ಸ್ವಾದರಮಾವನದು ಅಂತ ಎಳೆದಾಡಿ ನೋಡಿದರು. ಮಧ್ಯಾಹ್ನದ ಚಹಾ ಅಲ್ಲೇ ಆಯಿತು.

ಕೊನೆಗೆ ಅಧಿಕಾರಿ ಸಹಿ ಮಾಡಿ, ಮುದ್ರೆ ಒತ್ತಿ, ಕೈ ಮುಗಿದರು. "ಮೇಡಂ, ಇಷ್ಟ ವರ್ಷದ ನೌಕರಿಯೊಳಗ ಬೆಂಕಿ ಹತ್ತೂದಕ್ಕಿಂತ ಮದಲ ನಮ್ಮ ಕಡೆ ಬಂದವರು ನೀವ ಒಬ್ಬರ."

ಮ್ಯಾಚು

ಹೊರಡುವ ದಿನ ಹಾವೇರಿ ಸ್ಟೇಷನ್ನಿನಲ್ಲಿ ನೋಡುತ್ತೇನೆ, ಗೌಡನ ಜೊತೆ ಅವನ ಅವ್ವ. ಇಳಕಲ್ ಸೀರೆ, ಕೈಯಲ್ಲಿ ತೆಂಗಿನಕಾಯಿ, ಬಗಲಲ್ಲಿ ಒಂದು ಚೀಲ. ತವರಿನ ತಮ್ಮನ ಕಡೆಯಿಂದ ಬೇರೆ ಟಿಕೀಟೂ ತೆಗೆಸಿಕೊಂಡಿದ್ದರು. ಗೌಡ ನೆಲ ನೋಡುತ್ತ ನಿಂತಿದ್ದ.

"ಯವ್ವಾ, ನೀವೂ ಬರಾಕತ್ತೀರೇನ್ರಿ?" ಅಂದೆ.

"ಮತ್ತ ಬರದ ಇರತೇನೇನು? ಹುಡುಗಂದು ಮ್ಯಾಚ್ ಮಾಡಾಕ ಹೊಂಟೀರಿ, ಹಿರ್ಯಾರು ಒಬ್ಬರರ ಬ್ಯಾಡ?"

ಆಗ ತಿಳಿಯಿತು. ಗೌಡ ಮನೆಯಲ್ಲಿ ಹೇಳಿದ್ದು "ಬೆಂಗಳೂರಾಗ ಮ್ಯಾಚ್ ಬಾಕ್ಸ್ ಮೀಟ್ ಐತಿ" ಅಂತ. ಅವ್ವನ ಕಿವಿಗೆ ಬಿದ್ದದ್ದು ಮ್ಯಾಚು ಒಂದೇ. ಒಕ್ಕಲುತನದ ಹುಡುಗನಿಗೆ ಏಳು ವರ್ಷದಿಂದ ಹೆಣ್ಣು ಹುಡುಕಿ ಸೋತ ಜೀವ. ವಧೂವರರ ಸಮಾವೇಶ ಅಂದುಕೊಂಡು ಜಾತಕ, ಫೋಟೋ, ಉಡಿ ತುಂಬುವ ಸಾಮಾನು ಎಲ್ಲಾ ಕಟ್ಟಿಕೊಂಡು ಬಂದಿದ್ದರು. ರೈಲು ದಾವಣಗೆರೆ ಮುಟ್ಟುವುದರೊಳಗೆ ನಾನು ವಿಷಯ ತಿಳಿಸಿ ಹೇಳಿದೆ. ಅವ್ವ ಕಿಟಕಿ ಕಡೆ ಮುಖ ಮಾಡಿ ತೆಂಗಿನಕಾಯಿಯನ್ನು ಚೀಲದೊಳಗೆ ತುರುಕಿದರು. ಆಮೇಲೆ ತಿರುಗಿ, "ಇರ್ಲಿ. ಮಂದಿ ಅಂತೂ ಬಂದಿರ್ತಾರಲ್ಲ?" ಅಂದರು.

ಸಮಾವೇಶದಲ್ಲಿ ನಮ್ಮ ಟೇಬಲ್ಲಿನ ಮುಂದೆ ಜನ ತುಂಬಿತು. ಗಿಳಿಗಳ ಫೋಟೋ ತೆಗೆದುಕೊಳ್ಳಲು ಸರತಿ ಹಚ್ಚಿದರು. ಪ್ರೊಫೆಸರು ಇತಿಹಾಸ ಹೇಳಿ ಹೇಳಿ ದನಿ ಕಳಕೊಂಡರು. ಪಕ್ಕದ ಟೇಬಲ್ಲು ತುಮಕೂರು ಕಡೆಯ ದನದ ಡಾಕ್ಟರಮ್ಮನದು. ಮೂವತ್ತೈದರ ಆಸುಪಾಸು, ಗಟ್ಟಿ ನಗು. ಮಾತು ಕಡಿಮೆಯ ನಮ್ಮ ಗೌಡ ಆಕೆಯ ಜೊತೆ ಕಡ್ಡಿಪೆಟ್ಟಿಗೆಯಿಂದ ಎಮ್ಮೆಗೆ, ಎಮ್ಮೆಯಿಂದ ಮತ್ತೆ ಕಡ್ಡಿಪೆಟ್ಟಿಗೆಗೆ ಎರಡು ತಾಸು ಮಾತಾಡಿದ. ಅವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಒಂದೇ ಥರದ ಪೆಟ್ಟಿಗೆ ಎರಡು ಇದ್ದರೆ ನಾವು ಸಂಗ್ರಾಹಕರು ಅದಕ್ಕೆ ಡುಪ್ಲಿಕೇಟ್ ಅಂತೀವಿ. ಅವನ್ನು ಪರಸ್ಪರ ಬದಲಾಯಿಸಿಕೊಳ್ಳುವುದು ರೂಢಿ. ಸಂಜೆ ಟೇಬಲ್ ಎತ್ತುವಾಗ ಡಾಕ್ಟರಮ್ಮ ನಮ್ಮ ಕಡೆ ಬಗ್ಗಿ ಕೇಳಿದಳು, "ನಿಮ್ಮಲ್ಲಿ ಡುಪ್ಲಿಕೇಟ್ ಯಾವುದಾದ್ರೂ ಇದ್ರೆ ನಂಗೆ ಕೊಡ್ತೀರಾ?"

ಗೌಡ ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ನಿಂತು, ಮಗನ ರಟ್ಟೆ ಹಿಡಿದು ಮುಂದೆ ತಳ್ಳಿದರು. "ಡುಪ್ಲಿಕೇಟ್ ಮಾತ ನಮ್ಮಲ್ಲಿ ಇಲ್ಲವಾ. ಇರಾಂವ ಒಬ್ಬನೇ ಮಗ. ಒರಿಜಿನಲ್ ಅದಾನ!"

ಇಡೀ ಹಾಲು ತಿರುಗಿ ನೋಡಿತು. ಗೌಡನ ಕಿವಿ ಕೆಂಪಗಾದವು. ಡಾಕ್ಟರಮ್ಮ ಮೊದಲು ಬೆಪ್ಪಾಗಿ, ಆಮೇಲೆ ತಡೆಯಲಾಗದೆ ನಕ್ಕು, ಗೌಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಅಂದಳು:

"ಒರಿಜಿನಲ್ ಆದ್ರೆ ನಾನು ಬಿಡೋಳಲ್ಲ ಅಮ್ಮ. ಆದ್ರೆ ಕಂಡೀಷನ್ ನೋಡೋಕೆ ಒಂದ್ಸಲ ನಾನೇ ಚಿಕ್ಕೇರೂರಿಗೆ ಬರ್ಬೇಕು!"