ಹೋಸ್ಟ್ ಸಿಗಲಿಲ್ಲ

ಮಗಳು ಮಹೇಕ್‌ಳ ನಿಕಾಹ್‌ಗೆ ಕಾರ್ಡು ಹಂಚುವುದಿಲ್ಲ ಎಂದು ಗಂಜಾಂನ ಮುಖ್ತಾರ್ ಅಹಮದ್ ಮೇಷ್ಟ್ರು ಘೋಷಿಸಿದ ದಿನ ಮನೆಯಲ್ಲಿ ಸಣ್ಣದೊಂದು ಯುದ್ಧವೇ ಆಯಿತು. ಮೂವತ್ತು ವರ್ಷ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದ ಮೇಲೆ, ಬರೀ ವಿಡಿಯೋ ನೋಡಿಕೊಂಡು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿತ ಮನುಷ್ಯ. (ಅರವತ್ತೆರಡರಲ್ಲಿ! ಭೇಷ್ ಅನ್ನಲೇಬೇಕು.) ಒಂದು ಗುಂಡಿ ಒತ್ತಿದರೆ ನೂರನಲವತ್ತು ಮನೆಗೆ ಇಮೇಲಿನಲ್ಲಿ ಆಹ್ವಾನ, ಹೋಗದೆ ಉಳಿದ ಪತ್ರ ಸಾಲಿನಲ್ಲಿ ಕಾದಿದ್ದು, ಸಂಪರ್ಕ ಸಿಕ್ಕ ಕೂಡಲೇ ತಾನಾಗಿಯೇ ಹೊರಡುವ ಏರ್ಪಾಡು ಬೇರೆ. ಅಂಥ ದಿವ್ಯ ಪ್ರೋಗ್ರಾಂ ಅವರದು.

“ನಾಗಮಂಗಲದ ಆಪಾ ಇಮೇಲ್ ನೋಡ್ಕೊಂಡು ಮದ್ವೆಗೆ ಬರ್ತಾರಾ? ಮನೆಗೆ ಹೋಗಿ ಕರೀಬೇಕು ಜೀ,” ಎಂದರು ಹೆಂಡತಿ ರೆಹಮತುನ್ನೀಸಾ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ. ಅರಕೆರೆಯಿಂದ ಚಿನಕುರಳಿಯವರೆಗಿನ ಹೆಂಗಸರ ರವಿಕೆಗಳೆಲ್ಲ ಆ ಮಿಷನ್ನಿನಡಿಯೇ ಹಾದು ಹೋಗಬೇಕು.

“ಕಾಲ ಬದಲಾಗಿದೆ ರೆಹಮತ್.”

“ಆಗ್ಲಿ. ಶನಿವಾರ ಸಂಜೆಯೊಳಗೆ ಎಲ್ಲರಿಗೂ ಹೋಗ್ಲಿಲ್ಲ ಅಂದ್ರೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಾ ಕಡೆ ಸ್ಕೂಟರಲ್ಲಿ ತಿರುಗಿ ನೀವೇ ಕರೀಬೇಕು. ಒಪ್ಪಿಗೇನಾ?”

“ಕಬೂಲ್!” ಎಂದರು ಮೇಷ್ಟ್ರು. ತಮ್ಮ ನಿಕಾಹ್‌ದಿನ ಕೂಡ ಅಷ್ಟು ಜೋರಾಗಿ ಹೇಳಿರಲಿಲ್ಲ. ಅವರ ಸೊಂಟವೋ, ಸ್ಕೂಟರ್ ಕಂಡರೆ ಆಗಲೇ ಹಿಡಿದುಕೊಳ್ಳುವಂಥದ್ದು.

ಶನಿವಾರ ಬೆಳಿಗ್ಗೆ ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ‘ಕನೆಕ್ಷನ್ ಎರರ್. ಹೋಸ್ಟ್ ನಾಟ್ ಫೌಂಡ್.’

“ಹಾಗಂದ್ರೆ?” ಎಂದರು ರೆಹಮತುನ್ನೀಸಾ.

“ಹೋಸ್ಟ್ ಸಿಗಲಿಲ್ಲ ಅಂತ.”

“ಮದ್ವೆಮನೆ ಹೋಸ್ಟ್ ನೀವೇ ತಾನೆ? ಇಲ್ಲೇ ಕೂತಿದ್ದೀರಲ್ಲ.”

“ಅದು ಬೇರೆ ಹೋಸ್ಟು! ನಮ್ಮ ಪತ್ರ ಇಸ್ಕೊಂಡು ಊರೂರಿಗೆ ಕಳಿಸೋ ಕಂಪ್ಯೂಟರು. ನಿನಗೆ ಅರ್ಥ ಆಗಲ್ಲ ಬಿಡು.”

ಆಮೇಲೆ ಶುರುವಾಯಿತು ಮಹಾಶೋಧನೆ. ರೂಟರ್ ಆರಿಸಿ ಹೊತ್ತಿಸಿದರು. ಫೈರ್‌ವಾಲ್ ಎಂಬ ಕಾವಲುಗಾರನಿಗೆ ರಜೆ ಕೊಟ್ಟರು. ಪೋರ್ಟ್ ನಂಬರನ್ನು ಮೂರು ಸಲ ಬದಲಾಯಿಸಿದರು. ಪ್ರತಿ ಸಲವೂ ಒಂದು ಪರೀಕ್ಷಾ ಪತ್ರ ಬಿಟ್ಟು ನೋಡಿದರು. ಸಿಟ್ಟಿನಲ್ಲಿ ಅದರಲ್ಲಿ ಹೀಗೆ ಬರೆದಿದ್ದರು: ‘ಇದು ಪರೀಕ್ಷೆ. ಈ ಮನೆಯಲ್ಲಿ ಕಂಪ್ಯೂಟರ್ ತಿಳಿದವನು ನಾನೊಬ್ಬನೇ. ನನ್ನ ಹೆಂಡತಿಗೆ ಗೊತ್ತಿರುವುದು ಸೂಜಿಗೆ ದಾರ ಪೋಣಿಸುವುದು ಮಾತ್ರ.’ ನೂರನಲವತ್ತು ಮನೆಯ ಪಟ್ಟಿಯನ್ನೇ ಅದಕ್ಕೂ ಹಾಕಿದ್ದರು, ಹೇಗೂ ಹೋಗುತ್ತಿಲ್ಲವಲ್ಲ. ಹನ್ನೊಂದು ಸಲ ಬಿಟ್ಟರು. ಹನ್ನೊಂದು ಸಲವೂ ಹೋಸ್ಟ್ ಸಿಗಲಿಲ್ಲ.

ಆ ಹೋಸ್ಟ್ ಇದ್ದದ್ದು ಚಿನಕುರಳಿಯ ಹೊನ್ನಪ್ಪನ ಬಳಿ. ಮೇಷ್ಟ್ರ ಹಳೇ ಶಿಷ್ಯ, ಈಗ ಇಮೇಲ್ ಕಳಿಸುವ ವ್ಯವಸ್ಥೆಯನ್ನು ಬಾಡಿಗೆಗೆ ಕೊಡುತ್ತಾನೆ. ವಿಳಾಸವನ್ನು ಫೋನಿನಲ್ಲೇ ಹೇಳಿ ಬರೆಸಿದ್ದ. ಮೇಷ್ಟ್ರು ಮತ್ತೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ಬರ್ಕಳಿ ಸಾ. ಮೇಲ್ ಡಾಟ್ ಒನ್ನಾರು ಡಾಟ್ ಇನ್.”

“ಅದನ್ನೇ ಹೊಡೆದಿದ್ದೀನಿ ಕಣಯ್ಯ. ಒನ್, ಆರು ತಾನೆ?”

“ಊ ಸಾ, ಒನ್ನಾರೇ! ಸರ್ಯಾಗೇ ಒಡ್ದಿದ್ದೀರಿ, ಬುಡಿ.”

ಮೇಷ್ಟ್ರು ಒಂದರ ಪಕ್ಕ ಆರು ಹಾಕಿದ್ದ ಹದಿನಾರನ್ನು ಅಳಿಸಿ ಮತ್ತೆ ಹದಿನಾರನ್ನೇ ಹೊಡೆದರು. ಹೋಸ್ಟ್ ಮತ್ತೆ ನಾಪತ್ತೆ. ಅಷ್ಟರಲ್ಲಿ ಸಂಜೆ ಐದು ಗಂಟೆ. ಸೊಂಟ ಈಗಲೇ ಚುಳುಕ್ ಎಂದಿತು.

ಆ ಹೊತ್ತಿಗೆ ಚಿನಕುರಳಿಯ ಬೈರಮ್ಮ ಅಳತೆ ಕೊಡಲು ಬಂದಿದ್ದರು. “ಅಳದಿ ರವ್ಕೆ ಕಣಮ್ಮಾ. ತೋಳು ಅತ್ತಿಂಚು ಇರ್ಲಿ.”

ರೆಹಮತುನ್ನೀಸಾ ಪುಸ್ತಕದಲ್ಲಿ ‘ಹಳದಿ, ಹತ್ತಿಂಚು’ ಎಂದು ಬರೆಯುತ್ತಿದ್ದವರು ಪೆನ್ನು ಎತ್ತಿ ಹಿಡಿದರು. “ಏನ್ ಜೀ, ಆ ಹೊನ್ನಪ್ಪ ಚಿನಕುರಳಿಯೋನಲ್ವಾ? ತನ್ನ ಹೆಸರನ್ನ ಏನಂತ ಹೇಳ್ತಾನೆ?”

“ಒನ್ನಪ್ಪ ಅಂತಾನೆ.”

“ಮತ್ತೆ ಒನ್ನಾರು ಅಂದ್ರೆ?”

ಬೈರಮ್ಮನೇ ಉತ್ತರ ಕೊಟ್ಟರು: “ಒನ್ನಾರು ಗೊತ್ತಿಲ್ವಾ ಮೇಷ್ಟ್ರೆ? ಉಗಾದೀಲಿ ಮೊದ್ಲು ನೇಗ್ಲು ಕಟ್ಟಿ ಉಳಕಿಲ್ವಾ, ಅದೇ ಒನ್ನಾರು!”

ಹೊನ್ನಾರು! ಮೇಷ್ಟ್ರು ಕೀಲಿಮಣೆಗೆ ಎಗರಿದರು. ಹದಿನಾರು ಹೋಯಿತು, ಹೊನ್ನಾರು ಬಂತು. ಮರುಕ್ಷಣವೇ ಪರದೆ ಹಸಿರಾಯಿತು. ‘ಕನೆಕ್ಟೆಡ್.’

ಇಡೀ ದಿನ ತಾನು ರೂಟರು, ಪೋರ್ಟು, ಕಾವಲುಗಾರ ಅಂತ ತಡಕಾಡಿದ್ದನ್ನು ಇವಳು ಒಂದು ರವಿಕೆಯ ತೋಳಿನಲ್ಲಿ ಹಿಡಿದುಕೊಟ್ಟಳಲ್ಲ! ಮೇಷ್ಟ್ರಿಗೆ ನಿಜವಾಗಿಯೂ ಹೆಮ್ಮೆಯಾಯಿತು. “ರೆಹಮತ್, ನಿನ್ನ ಕಿವಿಗೆ ಒಂದು ಸಲಾಂ,” ಎಂದರು, ಬೈರಮ್ಮನ ಎದುರಿಗೇ. ರೆಹಮತುನ್ನೀಸಾ ನಾಚಿ ಟೇಪು ಸುತ್ತಿಕೊಂಡರು.

ಆ ಸಂತೋಷದಲ್ಲಿ ಮೇಷ್ಟ್ರು ಸಾಲಿನಲ್ಲಿ ಕಾದಿದ್ದ ಪತ್ರಗಳನ್ನೇ ಮರೆತಿದ್ದರು. ಪ್ರೋಗ್ರಾಂ ಮರೆತಿರಲಿಲ್ಲ. ಆಹ್ವಾನದ ಬೆನ್ನಿಗೇ ಹನ್ನೊಂದು ಪರೀಕ್ಷಾ ಪತ್ರಗಳು ನೂರನಲವತ್ತು ಮನೆಗೂ ನುಗ್ಗಿದವು. ಮೇಷ್ಟ್ರು ಪ್ಲಗ್ ಕಿತ್ತಾಗ ಕೊನೆಯದೂ ಹೋಗಿಯಾಗಿತ್ತು.

ಹತ್ತು ನಿಮಿಷಕ್ಕೆ ನಾಗಮಂಗಲದಿಂದ ಆಪಾಳ, ಅಂದರೆ ಮೇಷ್ಟ್ರ ಅಕ್ಕನ ಫೋನು, ರೆಹಮತುನ್ನೀಸಾಗೆ. “ಹನ್ನೊಂದು ಸಲ ಬರ್ದವ್ನಲ್ಲ ರೆಹಮತ್, ನಾಚಿಕೆ ಆಗಲ್ವಾ ಇವನಿಗೆ? ಬಂದು ನನ್ನ ಬಾಗಿಲಲ್ಲಿ ನಿಂತು ನಿನ್ನ ಹೊಗಳಿ ಕರೆದ್ರೆ ಮದ್ವೆಗೆ ಬರ್ತೀನಿ. ಇಲ್ದಿದ್ರೆ ಇಲ್ಲ!” ಕೆ.ಆರ್. ಪೇಟೆಯವರೂ ಅದನ್ನೇ ಅಂದರು. ಪಾಂಡವಪುರದವರು ಇನ್ನೂ ಜೋರಾಗಿ ಅಂದರು.

ರೆಹಮತುನ್ನೀಸಾ ಎದ್ದು, ರವಿಕೆ ಬಟ್ಟೆಗಳ ಅಡಿಯಿಂದ ಒಂದು ಕಟ್ಟು ತೆಗೆದರು. ನೂರೈವತ್ತು ಆಹ್ವಾನದ ಕಾರ್ಡು. ಹೋದ ವಾರವೇ ಅಚ್ಚು ಹಾಕಿಸಿದ್ದು. ಒಂದಕ್ಷರ ತಪ್ಪಿಲ್ಲ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಸೊಂಟಕ್ಕೆ ಬಟ್ಟೆ ಬಿಗಿದು ಸ್ಕೂಟರ್ ಒದ್ದರು. ಬಾಗಿಲಲ್ಲಿ ನಿಂತ ರೆಹಮತುನ್ನೀಸಾ ಆಗಲೇ ಫೋನಿನಲ್ಲಿದ್ದರು:

“ಆಪಾ, ಹೋಸ್ಟ್ ಸಿಕ್ಕಿದ್ರು. ಹೊರಟಿದ್ದಾರೆ, ಬಾಗಿಲು ತೆಗೆದಿಟ್ಟಿರಿ.”