ಬಾಗಿಲ ಚಕ್ರಕ್ಕೆ ನಿಂಬೆಹಣ್ಣು

ಕೈಯಲ್ಲೊಂದು ಸ್ಕ್ರೂಡ್ರೈವರ್ ಇದ್ದರೆ ನನ್ನಿಂದ ಆಗದ ರಿಪೇರಿ ಇಲ್ಲ ಎಂಬುದು ನನ್ನ ದೃಢ ನಂಬಿಕೆ. ಈ ನಂಬಿಕೆಗೆ ನಮ್ಮ ಮನೆಯ ಮಿಕ್ಸಿ, ಟೇಪ್ ರೆಕಾರ್ಡರ್ ಎರಡೂ ಬಲಿಯಾಗಿದ್ದರೂ ನಾನು ಕುಗ್ಗಿರಲಿಲ್ಲ.

ಕಂಪಲಾಪುರದಲ್ಲಿ ಹೊಸ ಮನೆ ಕಟ್ಟಿದಾಗ, ಕೊಡಗಿನ ಎಸ್ಟೇಟ್ ಬಂಗಲೆಯೊಂದರಲ್ಲಿ ನೋಡಿದ್ದಂತೆ, ಹಾಲ್‌ನಿಂದ ಅಂಗಳಕ್ಕೆ ಜಾರುವ ಗಾಜಿನ ಬಾಗಿಲು ಇಡಿಸಿದ್ದೆ. ಊರಿಗೆ ಅದೊಂದೇ! ಐದಾರು ವರ್ಷ ಚೆನ್ನಾಗಿ ಜಾರಿತು. ಆಮೇಲೆ ಕೆಳಗಿನ ಚಕ್ರಗಳು ಸವೆದು, ತಳ್ಳಿದರೆ ಕಿರ್ರೋ ಎಂದು ಕಿರುಚಿ ಅರ್ಧಕ್ಕೇ ನಿಲ್ಲತೊಡಗಿತು. ಹಬ್ಬಕ್ಕೆ ಬಂದಿದ್ದ ಭಾವ, ಅಂದರೆ ನನ್ನ ಹೆಂಡತಿ ಜಯಮ್ಮನ ಅಣ್ಣ, ಆ ಸಂದಿಯಲ್ಲಿ ಹೊಟ್ಟೆ ಸಿಕ್ಕಿಸಿಕೊಂಡು ಒದ್ದಾಡಿ, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಗಾಜಿನ್ ಬಾಗ್ಲಂತೆ, ಗಾಜಿನ್ ಬಾಗ್ಲು! ಎಳಿಯಕ್ಕೆ ಒಂದ್ ಜೊತೆ ಎತ್ತು ಕಟ್ಬೇಕು ಕಣಪ್ಪಾ!"

ಆ ಮಾತು ಎದೆಗೆ ನಾಟಿತು. ಮುಂದಿನ ಭಾನುವಾರ ಭಾವ ಮತ್ತೆ ಊಟಕ್ಕೆ ಬರುವವರಿದ್ದರು. ಆಗ ಅವರು ಒಂದೇ ಬೆರಳಲ್ಲಿ ಆ ಬಾಗಿಲು ತೆರೆಯಬೇಕು, ತೆರೆದು ನನ್ನನ್ನು ಹೊಗಳಬೇಕು!

"ಹುಣಸೂರಿಂದ ಬಂದು ಬಾಗ್ಲು ಕೂರ್ಸಿದ್ನಲ್ಲ, ಅವನ್ನೇ ಕರ್ಸಿ ಕಣ್ರೀ," ಎಂದಳು ಜಯಮ್ಮ.

"ಎರಡು ಚಕ್ರ ಬದಲಾಯ್ಸಕ್ಕೆ ಅವನ್ಯಾಕೆ? ನಾನಿಲ್ವಾ?"

"ನೀವಿದ್ದೀರಲ್ಲ ಅಂತ್ಲೇ ಯೇಳ್ತಿರದು!"

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ನಿಂಗರಾಜನನ್ನು ಕರೆದು, ಇಬ್ಬರೂ ಸೇರಿ ಬಾಗಿಲನ್ನು ಅದು ಜಾರುವ ಪಟ್ಟಿಯಿಂದ ಎತ್ತಿ ಅಂಗಳದ ಸೀಬೆಮರಕ್ಕೆ ಒರಗಿಸಿದೆವು. ನಮ್ಮ ಹುಂಜ ಗಾಜಿನೊಳಗೆ ಇನ್ನೊಂದು ಹುಂಜ ಕಂಡು ಯುದ್ಧ ಸಾರಿತು. ಜಯಮ್ಮನನ್ನು ಕಾವಲಿಗಿಟ್ಟು ನಾನು ಹುಣಸೂರಿನ ಬಸ್ ಹತ್ತಿದೆ.

"ಹಳೇ ಚಕ್ರ ಎಲ್ಲಿ?" ಎಂದ ಅಂಗಡಿಯವನು. ಅದು ಸೀಬೆಮರದ ಕೆಳಗೆ, ಬಾಗಿಲಿನಲ್ಲೇ ಇತ್ತು! ಬೆರಳಲ್ಲೇ ಅಳತೆ ತೋರಿಸಿ ಹೊಸದು ತಂದೆ. ದಪ್ಪವಾಯಿತು. ಮತ್ತೆ ಬಸ್ಸು. ಸಂಜೆಗೆ ಸರಿಯಾದ ಚಕ್ರ ಕೂರಿಸಿ ತಳ್ಳಿದರೆ, ಬಾಗಿಲು ಜಾರಿತು. ನಿಜಕ್ಕೂ ಜಾರಿತು! ಹತ್ತು ಸಲ ತೆರೆದೆ, ಹತ್ತು ಸಲ ಮುಚ್ಚಿದೆ. ಅಲ್ಲಿಗೇ ಸುಮ್ಮನಿದ್ದಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಿಂಗರಾಜ ಹಿಂದಿನ ತಿಂಗಳಷ್ಟೇ ಟ್ರ್ಯಾಕ್ಟರ್ ತಂದು, ಚಕ್ರದಡಿ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಿ ಪೂಜೆ ಮಾಡಿದ್ದ.

"ಚಕ್ರ ಅಂದ್ಮೇಲೆ ಚಕ್ರ ಕಣ್ಲಾ! ಟ್ರ್ಯಾಕ್ಟರ್‌ದಾದ್ರೇನು, ಬಾಗ್ಲುದಾದ್ರೇನು?" ಎಂದು ತೀರ್ಪಿತ್ತೆ. ಉದ್ಘಾಟನೆ ಭಾವನವರ ಅಮೃತಹಸ್ತದಿಂದಲೇ!

"ಬಾಗ್ಲಿಗೆ ಯಾರಾದ್ರೂ ನಿಂಬೆಹಣ್ಣು ಮಡುಗ್ತಾರಾ?" ಎಂದಳು ಜಯಮ್ಮ. ಘನಕಾರ್ಯಗಳಿಗೆ ವಿರೋಧ ಯಾವಾಗಲೂ ಮನೆಯೊಳಗಿಂದಲೇ ಶುರುವಾಗುತ್ತದೆ.

ಭಾನುವಾರ ಬೆಟ್ಟದಪುರದಿಂದ ಭಾವ ಬಂದರು. ಬಾಗಿಲಿಗೆ ಸೇವಂತಿಗೆ ಹಾರ ಹಾಕಿದ್ದೆ. ಇಡೀ ಹಣ್ಣು ಸಂದಿಗೆ ಹಿಡಿಸದ್ದರಿಂದ, ಹೋಳು ಮಾಡಿ ಚಕ್ರದ ಮುಂದೆ ತುರುಕಿದ್ದೆ. ಅಂಗಳದಲ್ಲಿ ಭಾವ, ಒಳಗೆ ಗಂಧದಕಡ್ಡಿ ಹಿಡಿದ ನಾನು.

"ಒಂದೇ ಬೆರಳು ಸಾಕು ಭಾವ, ತಳ್ಳಿ!"

ತಳ್ಳಿದರು. ಅಲ್ಲಾಡಲಿಲ್ಲ.

"ಎರಡೂ ಕೈ ಹಾಕಿ!"

ಹಾಕಿದರು. ಚಕ್ರ ಹೋಳಿನ ಮೇಲೆ ಹತ್ತಿತು, ರಸದಲ್ಲಿ ಜಾರಿತು, ಪಟ್ಟಿ ಬಿಟ್ಟಿತು. ಬಾಗಿಲಿಗೆ ಬಾಗಿಲೇ ಭಾವನ ಮೇಲೆ ವಾಲಿತು! ಅವರು ಆಚೆಯಿಂದ ತಬ್ಬಿಕೊಂಡರು, ನಾನು ಈಚೆಯಿಂದ ಚೌಕಟ್ಟು ಹಿಡಿದು ಜಗ್ಗಿದೆ. ನಡುವೆ ಗಾಜು. ಗಾಜಿಗೆ ಅಂಟಿದ ಭಾವನ ಮೂಗು ನನ್ನ ಮೂಗಿನ ಎದುರಿಗೇ ಇತ್ತು. ಜನ ಕರೆಯಲು ನಿಂಗರಾಜ ಓಡಿದ. ಜನ ಬಂದರು. ಗಾಜು ಒಡೆದೀತೆಂದು ಹೆದರಿ ಒಬ್ಬರೂ ಕೈ ಹಾಕದೆ, ಸೀಬೆಮರದ ನೆರಳಲ್ಲಿ ನಿಂತು ನೋಡಿದರು.

"ಜಯಾ, ಹುಣಸೂರಿಗೆ ಫೋನ್ ಮಾಡೇ!" ಎಂದು ಕೂಗಿದೆ.

"ನಿನ್ನೆನೇ ಮಾಡಿದ್ದೆ," ಎಂದಳು ಜಯಮ್ಮ ತಣ್ಣಗೆ. "ಬತ್ತಾವ್ನೆ, ಬುಡಿ."

ಅರ್ಧ ಗಂಟೆಗೆ ಹುಣಸೂರಿನ ಬಾಗಿಲಿನವನು ಬಂದ. ಬಾಗಿಲನ್ನು ಇಳಿಸಿಕೊಂಡು, ಚಕ್ರ ತೊಳೆದು, ಐದೇ ನಿಮಿಷದಲ್ಲಿ ಮತ್ತೆ ಕೂರಿಸಿದ. ಮುಖ ಒರೆಸಿಕೊಳ್ಳುತ್ತ ಭಾವ, ಜನರ ಮುಂದೆಯೇ ಹೇಳಿದರು: "ಅವತ್ತು ಒಂದ್ ಜೊತೆ ಎತ್ತು ಬೇಕು ಅಂದಿದ್ನಲ್ಲಪ್ಪಾ, ಜೊತೆ ಸರಿಯಾಯ್ತು ನೋಡು!"

ಬಾಗಿಲು ಈಗಲೂ ಒಂದೇ ಬೆರಳಲ್ಲಿ ಜಾರುತ್ತದೆ. ಬಂದವರು ಬೆರಗಾಗಿ, ಚಕ್ರ ಹಾಕಿದ್ದು ಯಾರೆಂದು ಕೇಳಿದರೆ, "ನಾನೇ!" ಎಂದು ಎದೆ ಸೆಟೆಸುತ್ತೇನೆ. ಜಯಮ್ಮ ಒಳಗೆ ಹೋಗಿ ಎಲ್ಲರಿಗೂ ನಿಂಬೆಹಣ್ಣಿನ ಪಾನಕ ತಂದುಕೊಡುತ್ತಾಳೆ, ಮೊದಲ ಲೋಟ ನನಗೆ.