ಬಚ್ಚಲ ಗೋಡೆಯ ಕರಿಗೆರೆ

ಮನೆ ಕಟ್ಟುವಾಗ ಮನುಷ್ಯ ಕೇಳಬೇಕಾದವರ ಮಾತು ಕೇಳುವುದಿಲ್ಲ, ಕೇಳಬಾರದವರ ಮಾತಿಗೆಲ್ಲ ಗೋಣು ಹಾಕುತ್ತಾನೆ. ಬಚ್ಚಲಿಗೆ ಬಿಳಿ ಟೈಲ್ಸ್ ಬೇಡವೆಂದು ನನ್ನ ಹೆಂಡತಿ ಮಹಾನಂದಾ ಬಡಕೊಂಡಿದ್ದಳು. ನಾನು ಮರಾಠಿ ಗಡಿಯ ಉಮರ್ಗಾದ ಜಂಗಮ; ಊರವರ ಮನೆಯ ಪೂಜೆ ಮಾಡಿಸುವವನ ಬಚ್ಚಲು ಬೆಳ್ಳಗೇ ಇರಬೇಕೆಂದು ಹಟ ಹಿಡಿದೆ. ಎರಡನೇ ಮಳೆಗಾಲಕ್ಕೆ ಶಾವರ್ ಕೆಳಗಿನ ಸಂದುಗಳಲ್ಲೆಲ್ಲ ಕರಿ ಬೂಷ್ಟು ಹಿಡಿಯಿತು, ಕಾಡಿಗೆ ತೀಡಿದ ಹಾಗೆ.

ತಿಕ್ಕಿದೆ, ಹೋಯಿತು. ಮತ್ತೆ ಬಂತು. ಅಡಿಗೆ ಸೋಡಾ, ಲಿಂಬೆಹಣ್ಣು, ಹಳೇ ಹಲ್ಲಿನ ಬ್ರಶ್ಶು, ಎಲ್ಲಾ ಆಯಿತು. ಬಣ್ಣದಂಗಡಿಯವನು ಒಂದು ಬಾಟಲಿ ಕೊಟ್ಟು, ಇದನ್ನು ಹಚ್ಚಿದರೆ ಎಲ್ಲಾ ಹೋಗುತ್ತದೆ ಎಂದು ಮರಾಠಿಯಲ್ಲಿ ಆಣೆ ಮಾಡಿದ. ಸುಳ್ಳಾಗಲಿಲ್ಲ. ನಳದ ಹೊಳಪು ಹೋಯಿತು, ನನ್ನ ಬೆರಳಿನ ತೊಗಲು ಹೋಯಿತು, ಬೂಷ್ಟು ಮಾತ್ರ ಹಬ್ಬಕ್ಕೆ ಬಂದ ಬೀಗರ ಹಾಗೆ ಕೂತೇ ಇತ್ತು. ನಿಮ್ಮ ಬೀಗರು ಬೇಗ ಹೊರಡುವವರಾದರೆ ನಿಮ್ಮ ಪುಣ್ಯ, ನನಗೆ ಗೊತ್ತಿಲ್ಲ.

ಇಷ್ಟರಲ್ಲಿ ಮಠದ ಗುರುಗಳಾದ ಅಪ್ಪನವರು ಹೊಸ ಮನೆಗೆ ಪಾದಪೂಜೆಗೆ ಬರುವುದಾಗಿ ಹೇಳಿ ಕಳಿಸಿದರು. ಅವರಿಗೆ ಬಂದ ಕೂಡಲೇ ಸ್ನಾನ, ಆಮೇಲೆ ಲಿಂಗಪೂಜೆ, ಪ್ರಸಾದ. ಅಂದರೆ ಮೊದಲು ನೋಡುವುದೇ ಬಚ್ಚಲು. ಸಾಲದ್ದಕ್ಕೆ ಕಾಸಾರಶಿರಸಿಯಿಂದ ಮಹಾನಂದಾಳ ತವರಿನ ಹೆಣ್ಣುಮಕ್ಕಳೂ ಬರುವವರಿದ್ದರು.

"ಅಪ್ಪಾವ್ರು ಗ್ವಾಡಿ ಮ್ಯಾಲಿನ ಆ ಕರಿ ಬುರಶಿ ನೋಡಿ ಮೂಗು ಮುಚ್ಚಿಕೊಂಡ್ರ ನಾ ತವರಿನ್ಯಾಗ ಮಾರಿ ಹ್ಯಾಂಗ ತೋರ್ಸಲಿರೀ?" ಎಂದಳು. ಕಣ್ಣಲ್ಲಿ ನೀರಿತ್ತು.

ಅವರು ಬರುವ ದಿನ ಬೆಳಿಗ್ಗೆ ಬೂಷ್ಟು ಮತ್ತೆ ಹಾಜರು. ಬಿಳಿ ಸಿಮೆಂಟು ತರೋಣವೆಂದರೆ ಅಂಗಡಿ ತೆರೆದಿಲ್ಲ. ಆಗ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ಕಣ್ಣಿಗೆ ಬಿತ್ತು. ಬೆಳ್ಳಗಿದೆ, ಮನೆಯಲ್ಲೇ ಇದೆ, ಇನ್ನೇನು ಬೇಕು? ನೀರಿನಲ್ಲಿ ತೇಯ್ದು ಸಂದಿಗೆ ಹಚ್ಚಿದೆ. ಹಸಿ ವಿಭೂತಿ ಕಾಣುವುದಿಲ್ಲ, ಒಣಗಿದ ಮೇಲೆಯೇ ಬೆಳ್ಳಗಾಗುವುದು. ನಿತ್ಯ ಹಣೆಗೆ ಹಚ್ಚುವ ನನಗೇ ಅದು ಮರೆತಿತ್ತು. ಹತ್ತಲಿಲ್ಲವೆಂದು ಮತ್ತೆ ಎಳೆದೆ, ಮತ್ತೆ ಎಳೆದೆ. ಗಡಿಬಿಡಿಯಲ್ಲಿ ಕೈ ತನ್ನ ರೂಢಿಗೆ ಬಿತ್ತು. ಬುದ್ಧಿ ಬಂದಾಗಿನಿಂದ ಮೂರು ಬೆರಳಿನಲ್ಲಿ ಎಳೆದ ಕೈ ಒಂದು ಬೆರಳಿನ ಮಾತು ಕೇಳೀತೇ?

ಅಪ್ಪನವರ ಜೀಪು ಬಾಗಿಲಿಗೆ ಬರುವ ಹೊತ್ತಿಗೆ ಗೋಡೆ ಒಣಗಿತ್ತು. ಹೊಳೆಯುವ ಒಂದೊಂದು ಟೈಲ್ಸಿನ ಹಣೆಯ ಮೇಲೂ ಬೂದಿ ಬಿಳುಪಿನ ಮೂರು ಗೆರೆ! ಇಡೀ ಬಚ್ಚಲು ದೀಕ್ಷೆ ಪಡೆದು ನಿಂತಿತ್ತು. ತೊಳೆಯಲು ತಂಬಿಗೆ ಎತ್ತುವಷ್ಟರಲ್ಲಿ ಅಪ್ಪನವರು ಹೆಗಲ ಮೇಲೆ ಧೋತರ ಹಾಕಿಕೊಂಡು ಬಂದೇ ಬಿಟ್ಟರು. ನಾನು ಹೊರಗೆ ಸರಿದೆ. ಬಾಗಿಲು ಮುಚ್ಚಿತು. ನೀರಿನ ಸಪ್ಪಳವೇ ಇಲ್ಲ. ಮಹಾನಂದಾ ಸೆರಗು ಕಚ್ಚಿಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಪ್ಪನವರು ಗೋಡೆಗೆ ಕೈ ಮುಗಿದು, ಬೆನ್ನು ತೋರಿಸದೆ ಹಿಂದಹಿಂದಕ್ಕೆ ಹೊರಗೆ ಬಂದರು.

"ಮೈ ತೊಳದ ನೀರು ವಿಭೂತಿ ಮ್ಯಾಲ ಹ್ಯಾಂಗ ಸಿಡಸ್ಲಿ, ಸ್ವಾಮಿ? ನಾ ಅಂಗಳದಾಗ ನಳದ ಕೆಳಗ ಜಳಕಾ ಮಾಡ್ತೀನಿ," ಎಂದರು.

ನಕ್ಕರೋ ಇಲ್ಲವೋ, ಗಡ್ಡದಲ್ಲಿ ತಿಳಿಯಲಿಲ್ಲ. ತವರಿನ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಚ್ಚಲಿಗೆ ಹೋಗಿ ಅಡ್ಡಬಿದ್ದು ಬಂದರು. ಕಾಸಾರಶಿರಸಿಯಲ್ಲಿ ಈಗಲೂ ಮಹಾನಂದಾಳ ಭಕ್ತಿಯದೇ ಮಾತಂತೆ.

ಎಲ್ಲರೂ ಹೋದ ಮೇಲೆ ತೊಳೆಯಲು ಹೋದರೆ ಅವಳು ಬಾಗಿಲಿಗೆ ಅಡ್ಡ ನಿಂತಳು. "ಅಪ್ಪಾವ್ರು ಕೈ ಮುಗದಾರ. ಅದನ್ನ ತೊಳದು ಗಟಾರಕ್ಕ ಬಿಡ್ತೀರೇನು?"

ಈಗ ಅಲ್ಲಿ ಸಂಜೆಗೆ ದೀಪ ಇಡುತ್ತಾಳೆ. ನೀರು ಬೀಳದೆ ಗೋಡೆ ಒಣಗಿ ನಿಂತಿದೆ. ಬೂಷ್ಟು ಹೇಳಹೆಸರಿಲ್ಲದಂತೆ ಅಳಿದುಹೋಯಿತು. ಊರವರ ಪೂಜೆಗೆ ಹೊರಡುವ ನಾನು ಚಳಿಯಲ್ಲಿ ಗಡಗಡ ನಡುಗುತ್ತ ಅಂಗಳದಲ್ಲಿ ಸ್ನಾನ ಮಾಡುತ್ತೇನೆ. ದಾರಿಯಲ್ಲಿ ಹೋಗುವ ಭಕ್ತರು "ಶರಣ್ರೀ ಸ್ವಾಮಿ" ಎಂದರೆ ಸಾಬೂನಿನ ಕೈ ಎತ್ತಿ ಆಶೀರ್ವಾದ ಮಾಡಲೇಬೇಕು. ಮೊನ್ನೆ ಜಳಕದ ಕಲ್ಲಿನ ಮೇಲೆ ಹಸಿರು ಪಾಚಿ ಕಂಡಿತು. ಇದಕ್ಕೇನು ಹಚ್ಚಬಹುದೆಂದು ಮಹಾನಂದಾಳನ್ನು ಕೇಳಿದೆ. ಅವಳು ಒಳಗೆ ಹೋಗಿ, ವಿಭೂತಿ ಗಟ್ಟಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.